ಹಣ್ಣಿನ ರಸ ಕೆಡದಂತೆ ಇಡುವುದು ಹೇಗೆ? ಬಿಸಿ, ತಂಪು, ಪ್ರಿಸರ್ವೇಟಿವ್, ಒತ್ತಡ: ಯಾವುದು ಎಷ್ಟು ಸುರಕ್ಷಿತ?

ಚೆನ್ನೈ: ಏಪ್ರಿಲ್, ಮೇ ತಿಂಗಳು ಬಂತೆಂದರೆ ಚೆನ್ನೈನ ಪಲ್ಲಾವರಂನಂಥ ಜನನಿಬಿಡ ಬಡಾವಣೆಗಳಲ್ಲಿ ಬಿಸಿಲಿನ ಜತೆಗೆ ಸೆಕೆಯೂ ಸೇರಿ ಬಾಯಾರಿಕೆ ಹೇಳತೀರದು. ಬೆಂಗಳೂರು, ಮಂಗಳೂರು, ಕಲಬುರಗಿಯ ಬೇಸಿಗೆಯೂ ಈಗ ಹೆಚ್ಚು ಕಡಿಮೆ ಹಾಗೆಯೇ ಇದೆ. ಇಂಥ ದಿನಗಳಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಬಗೆಯ ಹಣ್ಣಿನ ರಸ ಸಿಗುತ್ತದೆ. ಕಣ್ಣೆದುರೇ ಹಿಂಡಿಕೊಡುವ ಮೋಸಂಬಿ ಅಥವಾ ಕಲ್ಲಂಗಡಿ ಜ್ಯೂಸ್, ಅಂಗಡಿಯ ಕಪಾಟಿನಲ್ಲಿರುವ ಕಾಗದದ ಪೊಟ್ಟಣದ ಮಾವಿನ ಪಾನೀಯ, ನೀರು ಬೆರೆಸಿ ಕುಡಿಯುವ ಸ್ಕ್ವಾಷ್ ಬಾಟಲಿ ಮತ್ತು ಸೂಪರ್ ಮಾರ್ಕೆಟ್ ಫ್ರಿಜ್‌ನಲ್ಲಿರುವ ದುಬಾರಿ 'ಕೋಲ್ಡ್ ಪ್ರೆಸ್ಡ್' ಜ್ಯೂಸ್.

ಈ ನಾಲ್ಕರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಬಹುತೇಕರ ಉತ್ತರ ಒಂದೇ: ತಾಜಾ ರಸವೇ ಸುರಕ್ಷಿತ, ಪೊಟ್ಟಣದಲ್ಲಿರುವುದೆಲ್ಲ ಕೆಮಿಕಲ್. ರುಚಿಯ ಮಾತಾದರೆ ಇದು ನಿಜವಿರಬಹುದು. ಆದರೆ ಸುರಕ್ಷತೆಯ ಲೆಕ್ಕ ಬೇರೆಯೇ ಇದೆ. ಹಿಂಡಿದ ಕ್ಷಣದಿಂದ ಯಾವ ರಕ್ಷಣೆಯೂ ಇಲ್ಲದೆ ಇರುವುದು ತಾಜಾ ರಸ ಮಾತ್ರ. ಹಾಗೆಂದು ಪೊಟ್ಟಣದಲ್ಲಿ ಬಂದದ್ದೆಲ್ಲ ಒಂದೇ ಎನ್ನುವಂತೆಯೂ ಇಲ್ಲ. ಪ್ರತಿಯೊಂದು ಸಂರಕ್ಷಣಾ ವಿಧಾನಕ್ಕೂ ಅದರದ್ದೇ ಆದ ಶಕ್ತಿ ಮತ್ತು ಮಿತಿ ಇವೆ. ಅವು ಯಾವುವು, ಯಾವ ಹಣ್ಣಿಗೆ ಯಾವುದು ಸರಿ, ಬಾಟಲಿಯ ಮೇಲಿನ ಲೇಬಲ್ ನೋಡಿ ಅದನ್ನು ತಿಳಿಯುವುದು ಹೇಗೆ ಎಂಬ ವಿವರ ಇಲ್ಲಿದೆ.

ರಸ ಕೆಡುವುದು ಏಕೆ?

ಇಡೀ ಹಣ್ಣು ಕೆಲವು ದಿನ ತಡೆಯುತ್ತದೆ, ಅದೇ ಹಣ್ಣಿನ ರಸ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಸಿಪ್ಪೆ ಎಂಬ ಕವಚ ಹೋದ ಕೂಡಲೇ ಮೂರು ಶತ್ರುಗಳು ಏಕಕಾಲಕ್ಕೆ ದಾಳಿ ಮಾಡುತ್ತವೆ.

ಮೊದಲನೆಯದು ಸೂಕ್ಷ್ಮಜೀವಿಗಳು. ಹಣ್ಣಿನ ಸಿಪ್ಪೆ, ಚಾಕು, ಮಿಕ್ಸರ್ ಜಾರ್, ಕೈ, ನೀರು ಮತ್ತು ಐಸ್ ಮೂಲಕ ಅವು ರಸ ಸೇರುತ್ತವೆ. ಯೀಸ್ಟ್ ಸಕ್ಕರೆಯನ್ನು ಹುದುಗಿಸಿ ಗುಳ್ಳೆ ಎಬ್ಬಿಸುತ್ತದೆ, ಬೂಷ್ಟು ಮೇಲೆ ಪದರ ಕಟ್ಟುತ್ತದೆ, ಬ್ಯಾಕ್ಟೀರಿಯಾ ರಸವನ್ನು ಹುಳಿಯಾಗಿಸುತ್ತದೆ. ಇವು ರುಚಿ ಕೆಡಿಸುತ್ತವೆಯಾದ್ದರಿಂದ ನಾಲಿಗೆಗೆ ಗೊತ್ತಾಗುತ್ತದೆ. ಆದರೆ ಸಾಲ್ಮೊನೆಲ್ಲಾ, ಇ-ಕೋಲೈಯ ರೋಗಕಾರಕ ತಳಿಗಳು ರಸದಲ್ಲಿದ್ದರೂ ರುಚಿ, ವಾಸನೆ, ಬಣ್ಣ ಯಾವುದೂ ಬದಲಾಗದೆ ಇರಬಹುದು. ಕುಡಿದು ನೋಡಿ ಸುರಕ್ಷತೆ ತೀರ್ಮಾನಿಸಲು ಆಗದಿರುವುದು ಇದೇ ಕಾರಣಕ್ಕೆ.

ಎರಡನೆಯದು ಹಣ್ಣಿನಲ್ಲೇ ಇರುವ ಕಿಣ್ವಗಳು. ಹೆಚ್ಚಿಟ್ಟ ಸೇಬು ಕಂದಾಗುವುದು, ಕಬ್ಬಿನ ಹಾಲು ಕಪ್ಪಾಗುವುದು, ತೆರೆದಿಟ್ಟ ಎಳನೀರು ನಸುಗೆಂಪಾಗುವುದು ಇವುಗಳ ಕೆಲಸ. ಕಿತ್ತಳೆ ರಸ ಇಟ್ಟಲ್ಲೇ ಒಡೆದು, ತಿಳಿ ಮೇಲೆ, ಗಸಿ ಕೆಳಗೆ ಆಗುವುದೂ ಒಂದು ಕಿಣ್ವದಿಂದಲೇ.

ಮೂರನೆಯದು ಗಾಳಿಯಲ್ಲಿರುವ ಆಮ್ಲಜನಕ. ವಿಟಮಿನ್ ಸಿ, ಬಣ್ಣ ಮತ್ತು ಪರಿಮಳವನ್ನು ಅದು ನಿಧಾನವಾಗಿ ತಿಂದುಹಾಕುತ್ತದೆ. ಬಿಸಿಲು, ಬಿಸಿ ವಾತಾವರಣ ಇದ್ದರೆ ಈ ನಷ್ಟ ಇನ್ನೂ ವೇಗವಾಗಿ ಆಗುತ್ತದೆ.

ಸಂರಕ್ಷಣೆ ಎಂದರೆ ಈ ಮೂರನ್ನೂ ತಡೆಯುವುದು. ಯಾವ ವಿಧಾನವೂ ಮೂರನ್ನೂ ಸಮನಾಗಿ ತಡೆಯುವುದಿಲ್ಲ. ವಿಧಾನಗಳ ನಡುವಿನ ಅಸಲಿ ವ್ಯತ್ಯಾಸ ಇರುವುದು ಇಲ್ಲೇ.

ಹುಳಿಯೇ ಮೊದಲ ಕಾವಲುಗಾರ

ಯಾವ ವಿಧಾನ ಸಾಕು, ಯಾವುದು ಸಾಲದು ಎಂಬುದನ್ನು ತೀರ್ಮಾನಿಸುವುದು ಹಣ್ಣಿನ ಹುಳಿ. ಅದನ್ನು ಅಳೆಯುವ ಮಾಪನವೇ ಪಿಎಚ್. ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಆಹಾರ ವಿಜ್ಞಾನದಲ್ಲಿ 4.6 ಎಂಬುದು ಗಡಿರೇಖೆ. ಪಿಎಚ್ ಇದಕ್ಕಿಂತ ಕಡಿಮೆ ಇದ್ದರೆ, ಮಾರಕ ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆತು ಬೆಳೆಯಲಾರವು.

* ಹುಳಿ ಹೆಚ್ಚಿರುವ ರಸಗಳು: ನಿಂಬೆ, ದಾಳಿಂಬೆ, ದ್ರಾಕ್ಷಿ, ಅನಾನಸ್, ಕಿತ್ತಳೆ, ಪುನರ್ಪುಳಿ, ಸೇಬು. ಮಾವಿನ ಹೆಚ್ಚಿನ ತಳಿಗಳೂ ಈ ಗುಂಪಿನಲ್ಲೇ ಬರುತ್ತವೆ.
* ಗಡಿಯ ಹತ್ತಿರ ಇರುವವು: ಟೊಮೆಟೊ, ಚೆನ್ನಾಗಿ ಕಳಿತ ಕೆಲವು ಮಾವು, ಬಾಳೆ.
* ಹುಳಿ ಕಡಿಮೆ ಇರುವವು: ಕಲ್ಲಂಗಡಿ, ಕರಬೂಜ, ಪರಂಗಿ, ಕಬ್ಬಿನ ಹಾಲು, ಎಳನೀರು, ಕ್ಯಾರೆಟ್.

ಬೇಸಿಗೆಯಲ್ಲಿ ಬೀದಿಯಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಲ್ಲಂಗಡಿ, ಕಬ್ಬಿನ ಹಾಲು, ಎಳನೀರು ಮೂರೂ ಕೊನೆಯ ಗುಂಪಿನಲ್ಲಿವೆ. ಅಂದರೆ ಸಹಜ ಕಾವಲು ಇಲ್ಲದ ರಸವೇ ಅತಿ ಹೆಚ್ಚು ಬಿಸಿಲಿನಲ್ಲಿ ಮಾರಾಟವಾಗುತ್ತಿದೆ. ಎಳನೀರಿಗೆ ಮಾತ್ರ ಒಂದು ರಿಯಾಯಿತಿ ಉಂಟು: ಕಾಯಿ ಕೊಚ್ಚುವವರೆಗೂ ಅದು ತನ್ನದೇ ಕವಚದೊಳಗೆ ಶುದ್ಧವಾಗಿರುತ್ತದೆ.

ಹುಳಿ ಇದ್ದರೆ ಎಲ್ಲವೂ ಸರಿ ಎಂದೂ ಅಲ್ಲ. 1996ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳು ಮತ್ತು ಕೆನಡಾದಲ್ಲಿ ಬಿಸಿ ಮಾಡದೆ ಮಾರಿದ್ದ ಸೇಬಿನ ರಸ ಕುಡಿದು 60ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಒಂದು ಮಗು ಮೃತಪಟ್ಟಿತು. ಕಾರಣ ಇ-ಕೋಲೈ ಒ157:ಎಚ್7 ಎಂಬ ತಳಿ. ಸೇಬಿನ ರಸ ಹುಳಿಯಾಗಿದ್ದರಿಂದ ರೋಗಾಣು ಉಳಿಯಲಾರದು ಎಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು. ಆ ಬಳಿಕ 2001ರಲ್ಲಿ ಅಮೆರಿಕ ಹೊಸ ನಿಯಮ ತಂದಿತು. ರಸದಲ್ಲಿರಬಹುದಾದ ರೋಗಾಣುಗಳ ಸಂಖ್ಯೆಯನ್ನು ಲಕ್ಷದಲ್ಲಿ ಒಂದಕ್ಕೆ ಇಳಿಸುವ ಯಾವುದಾದರೂ ಒಂದು ವಿಧಾನವನ್ನು ತಯಾರಕರು ಅನುಸರಿಸಲೇಬೇಕು ಎಂಬುದು ಅದರ ಸಾರ. ವಿಧಾನ ಯಾವುದಾದರೂ ಆಗಲಿ, ಫಲಿತಾಂಶ ಮುಖ್ಯ ಎಂಬ ಈ ದೃಷ್ಟಿಯೇ ಹೋಲಿಕೆಗೆ ಒಳ್ಳೆಯ ಅಳತೆಗೋಲು.

ಬಿಸಿ: ಹಳೆಯದು, ಅಗ್ಗದ್ದು, ನಂಬಿಕಸ್ಥ

ಬಿಸಿ ಮಾಡಿ ಗಾಳಿಯಾಡದಂತೆ ಮುಚ್ಚಿಟ್ಟರೆ ಆಹಾರ ಕೆಡುವುದಿಲ್ಲ ಎಂದು ಫ್ರಾನ್ಸ್‌ನ ನಿಕೋಲಾ ಅಪೆರ್ 1810ರಲ್ಲೇ ಪುಸ್ತಕ ಬರೆದಿದ್ದ. ಅದಕ್ಕೆ ಕಾರಣ ಸೂಕ್ಷ್ಮಜೀವಿಗಳು ಎಂದು ತೋರಿಸಿಕೊಟ್ಟವನು ಲೂಯಿ ಪಾಶ್ಚರ್. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಇದೇ ತಂತ್ರದಿಂದ ದ್ರಾಕ್ಷಿ ರಸವನ್ನು ಹುದುಗದಂತೆ ಬಾಟಲಿಯಲ್ಲಿಟ್ಟ. ಇಂದಿಗೂ ಜಗತ್ತಿನ ಹೆಚ್ಚಿನ ಹಣ್ಣಿನ ರಸ ಉಳಿದಿರುವುದು ಪಾಶ್ಚರೀಕರಣದಿಂದಲೇ. ಇದರಲ್ಲಿ ಮೂರು ಬಗೆಗಳಿವೆ.

ಒಂದು, ರಸವನ್ನು ಬಾಟಲಿಗೆ ತುಂಬಿ ಮುಚ್ಚಿ, ಬಾಟಲಿ ಸಮೇತ 80ರಿಂದ 85 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ 25ರಿಂದ 30 ನಿಮಿಷ ಇಡುವುದು. ಸಣ್ಣ ಘಟಕಗಳಿಗೆ, ಮನೆಗೆ ಇದು ಸುಲಭ. ಆದರೆ ಹೆಚ್ಚು ಹೊತ್ತು ಬಿಸಿ ತಗಲುವುದರಿಂದ ಬೇಯಿಸಿದ ವಾಸನೆ ಬರುತ್ತದೆ.

ಎರಡು, ರಸವನ್ನು 85 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿ, ಬಿಸಿ ಇರುವಾಗಲೇ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ತಲೆಕೆಳಗು ಮಾಡುವುದು. ರಸದ ಬಿಸಿಯೇ ಮುಚ್ಚಳವನ್ನೂ ಶುದ್ಧಗೊಳಿಸುತ್ತದೆ.

ಮೂರು, ರಸವನ್ನು ಕೆಲವೇ ಸೆಕೆಂಡು ಹೆಚ್ಚಿನ ಉಷ್ಣತೆಗೆ ಒಯ್ದು, ತಕ್ಷಣ ತಣ್ಣಗಾಗಿಸಿ, ಮೊದಲೇ ಜೀವಾಣುರಹಿತ ಮಾಡಿದ ಪೊಟ್ಟಣಕ್ಕೆ ಜೀವಾಣುರಹಿತ ವಾತಾವರಣದಲ್ಲೇ ತುಂಬುವುದು. ಇದಕ್ಕೆ ಅಸೆಪ್ಟಿಕ್ ಪ್ಯಾಕಿಂಗ್ ಎನ್ನುತ್ತಾರೆ. 1985ರಲ್ಲಿ ಫ್ರೂಟಿ ಬಂದಾಗ ಭಾರತದ ಮಕ್ಕಳ ಕೈಗೆ ಸಿಕ್ಕಿದ್ದು ಇದೇ ತಂತ್ರದ ಕಾಗದದ ಪೊಟ್ಟಣ. ಕಾಗದ, ಪ್ಲಾಸ್ಟಿಕ್ ಮತ್ತು ತೆಳು ಅಲ್ಯೂಮಿನಿಯಂ ಪದರಗಳು ಬೆಳಕು ಮತ್ತು ಆಮ್ಲಜನಕವನ್ನು ತಡೆಯುತ್ತವೆ. ಹೀಗಾಗಿ ಇಂಥ ಪೊಟ್ಟಣದ ರಸ ಪ್ರಿಸರ್ವೇಟಿವ್ ಇಲ್ಲದೆಯೂ ಫ್ರಿಜ್‌ನ ಹೊರಗೆ ತಿಂಗಳುಗಟ್ಟಲೆ ಉಳಿಯುತ್ತದೆ. 'ಇಷ್ಟು ದಿನ ಕೆಡುವುದಿಲ್ಲ ಎಂದರೆ ಕೆಮಿಕಲ್ ಹಾಕಿರಲೇಬೇಕು' ಎಂಬ ಮಾತು ಇಲ್ಲಿ ಅನ್ವಯಿಸುವುದಿಲ್ಲ. ಪೊಟ್ಟಣದ ಪಾನೀಯದಲ್ಲಿ ನೋಡಬೇಕಾದದ್ದು ಸಕ್ಕರೆ ಎಷ್ಟಿದೆ, ನಿಜವಾದ ಹಣ್ಣು ಎಷ್ಟಿದೆ ಎಂಬುದನ್ನು.

ಈ ತಂತ್ರಕ್ಕೂ ಕೋಲಾರದ ರೈತರಿಗೂ ನೇರ ನಂಟಿದೆ. ಶ್ರೀನಿವಾಸಪುರದ ಸುತ್ತ ಬೆಳೆಯುವ ತೋತಾಪುರಿ ಮಾವು ತಿನ್ನುವುದಕ್ಕಿಂತ ತಿರುಳಿಗೆ ಹೆಚ್ಚು ಹೋಗುತ್ತದೆ. ಅದನ್ನು ಪಾಶ್ಚರೀಕರಿಸಿ ದೊಡ್ಡ ಡ್ರಮ್‌ಗಳಲ್ಲಿ ತುಂಬುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಗಡಿಯಾಚೆ, ಆಂಧ್ರದ ಚಿತ್ತೂರು ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ನಿರ್ಬಂಧ ಹೇರಿದಾಗ ಕರ್ನಾಟಕದ ಬೆಳೆಗಾರರು ಕಂಗಾಲಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆಯಬೇಕಾಯಿತು. ಹಣ್ಣನ್ನು ಕೆಡದಂತೆ ಇಡುವ ವ್ಯವಸ್ಥೆ ಯಾರ ಕೈಯಲ್ಲಿದೆಯೋ ಬೆಲೆಯೂ ಅವರ ಕೈಯಲ್ಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಬಿಸಿಗೂ ಮಿತಿ ಇದೆ. ಹುಳಿ ಕಡಿಮೆ ಇರುವ ರಸಕ್ಕೆ ಸಾಮಾನ್ಯ ಪಾಶ್ಚರೀಕರಣ ಸಾಲದು. ಬೀಜಕಣಗಳು ಆ ಬಿಸಿಯಲ್ಲಿ ಸಾಯುವುದಿಲ್ಲ. 2006ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಪಾಶ್ಚರೀಕರಿಸಿದ ಕ್ಯಾರೆಟ್ ರಸ ಕುಡಿದು ಕೆಲವರು ಬಾಟುಲಿಸಂಗೆ ತುತ್ತಾಗಿ ಪಾರ್ಶ್ವವಾಯು ಬಡಿದವರಂತಾದರು. ರಸ ಸಾಕಷ್ಟು ತಂಪಾಗಿ ಉಳಿಯದಿದ್ದುದೇ ಕಾರಣ ಎಂದು ತನಿಖಾಧಿಕಾರಿಗಳು ಶಂಕಿಸಿದ್ದರು. ಹುಳಿ ಇಲ್ಲದ ರಸವನ್ನು ಹೊರಗಿಡಬೇಕಾದರೆ ಸಿಟ್ರಿಕ್ ಆಮ್ಲ ಸೇರಿಸಿ ಪಿಎಚ್ ಇಳಿಸಬೇಕು ಅಥವಾ 100 ಡಿಗ್ರಿಗಿಂತ ಬಹಳ ಹೆಚ್ಚಿನ ಬಿಸಿಯಲ್ಲಿ ಸಂಸ್ಕರಿಸಬೇಕು.

ತಂಪು: ಕೊಲ್ಲುವುದಿಲ್ಲ, ತಡಮಾಡುತ್ತದೆ ಅಷ್ಟೇ

ಫ್ರಿಜ್‌ನಲ್ಲಿಟ್ಟರೆ ರೋಗಾಣು ಸಾಯುತ್ತದೆ ಎಂದುಕೊಂಡವರು ಅನೇಕರಿದ್ದಾರೆ. 4 ಡಿಗ್ರಿಯಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ತಂಪಿನಲ್ಲೂ ಬೆಳೆಯಬಲ್ಲದು. ಮನೆಯಲ್ಲಿ ಹಿಂಡಿದ ರಸವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಒಂದು ದಿನ, ಹುಳಿ ರಸವಾದರೆ ಎರಡು ದಿನ ಇಡಬಹುದು. ಅದಕ್ಕಿಂತ ಹೆಚ್ಚು ಬೇಡ.

ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಬೆಳವಣಿಗೆ ನಿಲ್ಲುತ್ತದೆ, ಬಣ್ಣ ಮತ್ತು ಪರಿಮಳ ಚೆನ್ನಾಗಿ ಉಳಿಯುತ್ತವೆ. ಆದರೆ ಕರಗಿಸಿದ ಕೂಡಲೇ ನಿದ್ದೆಯಲ್ಲಿದ್ದ ಸೂಕ್ಷ್ಮಜೀವಿಗಳು ಎಚ್ಚರಗೊಳ್ಳುತ್ತವೆ. ಕೊಳಕು ನೀರಿನಲ್ಲಿ ಮಾಡಿದ ರಸವನ್ನು ಹೆಪ್ಪುಗಟ್ಟಿಸಿದರೂ ಅದು ಕೊಳಕೇ.

ತಂಪನ್ನು ಸರಿಯಾಗಿ ಬಳಸಿಕೊಂಡ ಉದಾಹರಣೆ ಕಾಸರಗೋಡಿನಲ್ಲಿದೆ. ತೆಂಗಿನ ಹೊಂಬಾಳೆಯಿಂದ ಇಳಿಯುವ ನೀರಾ ಹಣ್ಣಿನ ರಸವಲ್ಲದಿದ್ದರೂ ಸಮಸ್ಯೆ ಅದೇ. ಹುಳಿಯಿಲ್ಲದ, ಸಕ್ಕರೆ ತುಂಬಿದ ಈ ರಸ ಕೆಲವೇ ಗಂಟೆಗಳಲ್ಲಿ ಹೆಂಡವಾಗುತ್ತದೆ. ಹಿಂದಿನವರು ಮಡಕೆಗೆ ಸುಣ್ಣ ಬಳಿದು ಹುದುಗುವಿಕೆ ತಡೆಯುತ್ತಿದ್ದರು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದಕ್ಕೆ ಬದಲು ಐಸ್ ತುಂಬಿದ ಪೆಟ್ಟಿಗೆಯನ್ನೇ ಮರಕ್ಕೆ ಕಟ್ಟುವ ವಿಧಾನ ರೂಪಿಸಿತು. ರಸ ತೊಟ್ಟಿಕ್ಕುವ ಕ್ಷಣದಿಂದಲೇ ತಂಪಾಗುತ್ತದೆ. ಸುಣ್ಣವೂ ಬೇಡ, ಪ್ರಿಸರ್ವೇಟಿವ್ ಕೂಡ ಬೇಡ. ಹೀಗೆ ಸಂಗ್ರಹಿಸಿದ ರಸಕ್ಕೆ 'ಕಲ್ಪರಸ' ಎಂದು ಹೆಸರು. ಮೊದಲ ಹನಿಯಿಂದಲೇ ತಂಪು ಶುರುವಾಗಬೇಕು, ನಡುವೆ ಎಲ್ಲಿಯೂ ಕಡಿಯಬಾರದು ಎಂಬುದೇ ಇದರ ಪಾಠ.

ಪ್ರಿಸರ್ವೇಟಿವ್: ಮಿತಿಯಲ್ಲಿದ್ದರೆ ಕೆಲಸ, ಮಿತಿ ಮೀರಿದರೆ ತೊಂದರೆ

ಭಾರತದಲ್ಲಿ ಹಣ್ಣಿನ ಪಾನೀಯಗಳಿಗೆ ಮುಖ್ಯವಾಗಿ ಬಳಕೆಯಾಗುವವು ಎರಡು. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ಸ್ಕ್ವಾಷ್ ಮಾಡುವವರ ಬಾಯಲ್ಲಿ ಕೆಎಂಎಸ್) ಮತ್ತು ಸೋಡಿಯಂ ಬೆಂಜೋಯೇಟ್.

ಕೆಎಂಎಸ್ ರಸದಲ್ಲಿ ಕರಗಿ ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಬೂಷ್ಟು, ಬ್ಯಾಕ್ಟೀರಿಯಾ ತಡೆಯುವುದರ ಜತೆಗೆ ಕಂದಾಗುವುದನ್ನೂ ತಡೆಯುತ್ತದೆ. ಆದ್ದರಿಂದ ನಿಂಬೆ, ಅನಾನಸ್, ಮಾವಿನ ಸ್ಕ್ವಾಷ್‌ಗೆ ಇದೇ ಸರಿ. ಆದರೆ ಕೆಂಪು, ನೇರಳೆ ಬಣ್ಣವನ್ನು ಇದು ಬಿಳುಚಿಸುತ್ತದೆ. ಹಾಗಾಗಿ ದ್ರಾಕ್ಷಿ, ನೇರಳೆ, ದಾಳಿಂಬೆ, ಪುನರ್ಪುಳಿ ಪಾನೀಯಗಳಿಗೆ ಸೋಡಿಯಂ ಬೆಂಜೋಯೇಟ್ ಬಳಸುತ್ತಾರೆ. ಬೆಂಜೋಯೇಟ್ ಕೆಲಸ ಮಾಡುವುದು ಹುಳಿ ಇದ್ದಾಗ ಮಾತ್ರ. ಹುಳಿಯಿಲ್ಲದ ರಸಕ್ಕೆ ಹಾಕಿದರೆ ಪ್ರಯೋಜನ ತೀರಾ ಕಡಿಮೆ.

ಭಾರತದ ಆಹಾರ ನಿಯಮಗಳಲ್ಲಿ ಬಹಳ ಕಾಲದಿಂದ ಬಂದಿರುವ ಮಿತಿ ಹೀಗಿದೆ: ನೀರು ಬೆರೆಸಿ ಕುಡಿಯುವ ಸ್ಕ್ವಾಷ್, ಶರಬತ್ತುಗಳಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ 350 ಭಾಗ ಅಥವಾ ಬೆಂಜೋಯಿಕ್ ಆಮ್ಲ 600 ಭಾಗ. ನೇರವಾಗಿ ಕುಡಿಯುವ ಪಾನೀಯಗಳಲ್ಲಿ ಕ್ರಮವಾಗಿ 70 ಮತ್ತು 120 ಭಾಗ.

ಇದನ್ನು ಲೋಟದ ಲೆಕ್ಕದಲ್ಲಿ ನೋಡೋಣ. ಮಿತಿಯಷ್ಟೂ ಗಂಧಕದ ಡೈಆಕ್ಸೈಡ್ ಇರುವ 50 ಮಿ.ಲೀ. ಸ್ಕ್ವಾಷ್‌ಗೆ 150 ಮಿ.ಲೀ. ನೀರು ಬೆರೆಸಿದರೆ ಒಂದು ಲೋಟದಲ್ಲಿ ಸುಮಾರು 17 ಮಿ.ಗ್ರಾಂ ಇರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಹೇಳುವ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.7 ಮಿ.ಗ್ರಾಂ. 60 ಕಿಲೋ ತೂಕದ ವ್ಯಕ್ತಿಗೆ 42 ಮಿ.ಗ್ರಾಂ ಆಗುವುದರಿಂದ ಒಂದು ಲೋಟ ಲೆಕ್ಕಕ್ಕಿಲ್ಲ. ಆದರೆ 15 ಕಿಲೋ ತೂಕದ ಮಗುವಿಗೆ ಮಿತಿ ಹತ್ತೂವರೆ ಮಿ.ಗ್ರಾಂ ಮಾತ್ರ. ಅಂದರೆ ಒಂದೇ ಲೋಟಕ್ಕೆ ಮಿತಿ ದಾಟುತ್ತದೆ.

ಗಾಬರಿ ಬೇಡ. ಈ ಮಿತಿಯನ್ನು ಜೀವಮಾನವಿಡೀ ದಿನವೂ ಸೇವಿಸಿದರೆ ಎಂಬ ಲೆಕ್ಕದಲ್ಲಿ ಹಾಕಿರುತ್ತಾರೆ. ಇಟ್ಟಷ್ಟೂ ದಿನ ಬಾಟಲಿಯಲ್ಲಿ ಅದರ ಪ್ರಮಾಣವೂ ಇಳಿಯುತ್ತದೆ. ಅಪರೂಪಕ್ಕೊಮ್ಮೆ ಕುಡಿದರೆ ತೊಂದರೆಯಿಲ್ಲ. ಆದರೆ ಪುಟ್ಟ ಮಕ್ಕಳಿಗೆ ದಿನವೂ ಸ್ಕ್ವಾಷ್ ಕಲಸಿ ಕೊಡುವ ಅಭ್ಯಾಸ ಒಳ್ಳೆಯದಲ್ಲ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್‌ನಿಂದ ಉಬ್ಬಸ ಕೆರಳುವುದೂ ಉಂಟು.

ಬೆಂಜೋಯೇಟ್ ಬಗ್ಗೆ ಒಂದು ಎಚ್ಚರಿಕೆ: ವಿಟಮಿನ್ ಸಿ ಇರುವ ಪಾನೀಯದಲ್ಲಿ ಬೆಂಜೋಯೇಟ್ ಕೂಡ ಇದ್ದು, ಬಾಟಲಿ ಬಿಸಿಲು, ಬಿಸಿಗೆ ಒಡ್ಡಿಕೊಂಡರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಉಂಟಾಗಬಹುದು. ಅಂಗಡಿಯ ಮುಂದೆ ಬಿಸಿಲಿನಲ್ಲಿ ಜೋಡಿಸಿಟ್ಟ ಬಾಟಲಿ ಕೊಳ್ಳದಿರುವುದು, ಕಾರಿನಲ್ಲಿ ಬಾಟಲಿ ಬಿಟ್ಟುಹೋಗದಿರುವುದು ಲೇಸು.

ಸಕ್ಕರೆ: ಅಜ್ಜಿಯ ಕಾಲದ ಪ್ರಿಸರ್ವೇಟಿವ್

ದಕ್ಷಿಣ ಕನ್ನಡ, ಉತ್ತರ ಕನ್ನಡದ ಮನೆಗಳಲ್ಲಿ ಪುನರ್ಪುಳಿ ಅಥವಾ ಮುರುಗಲು ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿನಲ್ಲಿಟ್ಟು ಪಾಕ ಇಳಿಸುವುದು ಹಳೆಯ ಪದ್ಧತಿ. ತಮಿಳುನಾಡಿನಲ್ಲಿ 'ನನ್ನಾರಿ' ಎಂದು ಮಾರುವ, ನಮ್ಮಲ್ಲಿ ಸೊಗದೆ ಬೇರು ಎಂದು ಕರೆಯುವ ಬೇರಿನ ಶರಬತ್ತೂ ಇದೇ ತತ್ತ್ವದ್ದು. ಸಕ್ಕರೆ ಶೇ. 65ಕ್ಕಿಂತ ಹೆಚ್ಚಾದರೆ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಪುನರ್ಪುಳಿಗೆ ಅದರ ಹುಳಿಯೂ ಸೇರಿ ರಕ್ಷಣೆ ಇಮ್ಮಡಿ. ತೊಂದರೆ ಒಂದೇ: ಸಕ್ಕರೆ ಕಡಿಮೆ ಮಾಡಿದರೆ ರಕ್ಷಣೆಯೂ ಕಡಿಮೆ. 'ಕಡಿಮೆ ಸಿಹಿ' ಪಾಕ ಮಾಡಿದವರು ಅದನ್ನು ಫ್ರಿಜ್‌ನಲ್ಲೇ ಇಡಬೇಕು. ಮಧುಮೇಹಿಗಳಿಗೆ ಈ ದಾರಿ ಹೇಳಿಸಿದ್ದಲ್ಲ.

ಒತ್ತಡ: ರುಚಿ ಉಳಿಯುತ್ತದೆ, ಬೆಲೆ ಏರುತ್ತದೆ

'ಕೋಲ್ಡ್ ಪ್ರೆಸ್ಡ್' ಎಂಬುದು ರಸ ತೆಗೆಯುವ ವಿಧಾನದ ಹೆಸರು, ಸಂರಕ್ಷಿಸುವ ವಿಧಾನದ ಹೆಸರಲ್ಲ. ಇದು ಬಹಳ ಗ್ರಾಹಕರಿಗೆ ಗೊತ್ತಿಲ್ಲ. ಬಿಸಿಯಾಗದಂತೆ ನಿಧಾನವಾಗಿ ಹಿಂಡಿದರೆ ಪರಿಮಳ ಉಳಿಯಬಹುದು, ರೋಗಾಣು ಸಾಯುವುದಿಲ್ಲ. ಅದಕ್ಕೆ ಕೆಲವು ಕಂಪನಿಗಳು ಎಚ್‌ಪಿಪಿ ಅಂದರೆ ಅಧಿಕ ಒತ್ತಡದ ಸಂಸ್ಕರಣೆ ಬಳಸುತ್ತವೆ. ರಸ ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ನೀರು ತುಂಬಿದ ಉಕ್ಕಿನ ಕೊಳವೆಯೊಳಗೆ ಇಟ್ಟು, ವಾತಾವರಣದ ಒತ್ತಡದ ಸುಮಾರು 6,000 ಪಟ್ಟು ಒತ್ತಡ ಹಾಕಲಾಗುತ್ತದೆ. ಸಮುದ್ರದ ಅತ್ಯಂತ ಆಳದ ತಾಣದಲ್ಲಿರುವ ಒತ್ತಡಕ್ಕಿಂತ ಇದು ಐದು ಪಟ್ಟು ಹೆಚ್ಚು. ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ನಾಶವಾಗುತ್ತವೆ. ಬಣ್ಣ, ಪರಿಮಳ, ವಿಟಮಿನ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ.

ಈ ತಂತ್ರದ ಆಹಾರ ಮೊದಲು ಮಾರುಕಟ್ಟೆಗೆ ಬಂದದ್ದು ಜಪಾನ್‌ನಲ್ಲಿ, 1990ರ ಸುಮಾರಿಗೆ, ಜಾಮ್ ರೂಪದಲ್ಲಿ. ಇದರ ದೌರ್ಬಲ್ಯಗಳೂ ಸ್ಪಷ್ಟ. ಬೀಜಕಣಗಳು ಸಾಯುವುದಿಲ್ಲ, ಕೆಲವು ಕಿಣ್ವಗಳೂ ಉಳಿಯುತ್ತವೆ. ಆದ್ದರಿಂದ ಕಾರ್ಖಾನೆಯಿಂದ ಮನೆಯವರೆಗೂ ಫ್ರಿಜ್ ಬೇಕೇಬೇಕು. ಯಂತ್ರದ ಬೆಲೆ ಕೋಟಿಗಳಲ್ಲಿ ಇರುವುದರಿಂದ ಸಣ್ಣ ಉದ್ಯಮಿಗೆ ಎಟುಕದು. ಲೇಬಲ್‌ನಲ್ಲಿ ಎಚ್‌ಪಿಪಿಯೂ ಇಲ್ಲ, ಪಾಶ್ಚರೀಕರಣವೂ ಇಲ್ಲ ಎಂದಾದರೆ ಆ ದುಬಾರಿ ಬಾಟಲಿ ಬೀದಿಯ ರಸದಷ್ಟೇ ಕಚ್ಚಾ ಎಂದು ತಿಳಿಯಬೇಕು.

ಇದಲ್ಲದೆ ನೇರಳಾತೀತ ಬೆಳಕು, ವಿದ್ಯುತ್ ಮಿಡಿತ, ಶಬ್ದಾತೀತ ತರಂಗ ಬಳಸುವ ವಿಧಾನಗಳೂ ಇವೆ. ನೇರಳಾತೀತ ಬೆಳಕು ತಿಳಿಯಾದ ರಸದಲ್ಲಿ ಚೆನ್ನಾಗಿ ಹಾಯುತ್ತದೆ, ಮಾವಿನಂಥ ಗಟ್ಟಿ ರಸದಲ್ಲಿ ಆಳಕ್ಕೆ ಇಳಿಯುವುದಿಲ್ಲ.

ಒಂದೇ ನೋಟದಲ್ಲಿ ಹೋಲಿಕೆ

* ಕಚ್ಚಾ ರಸ, ಫ್ರಿಜ್‌ನಲ್ಲಿ: ರುಚಿ ಅತ್ಯುತ್ತಮ. ರೋಗಾಣು ಸಾಯುವುದಿಲ್ಲ. ಒಂದೆರಡು ದಿನ.
* ಹೆಪ್ಪುಗಟ್ಟಿಸಿದ ರಸ: ರುಚಿ, ಬಣ್ಣ ಉತ್ತಮ. ರೋಗಾಣು ಸಾಯುವುದಿಲ್ಲ. ಕೆಲವು ತಿಂಗಳು.
* ಬಾಟಲಿ ಪಾಶ್ಚರೀಕರಣ: ಹುಳಿ ರಸಕ್ಕೆ ಸುರಕ್ಷಿತ. ಬೇಯಿಸಿದ ರುಚಿ. ಹಲವು ತಿಂಗಳು.
* ಅಸೆಪ್ಟಿಕ್ ಪೊಟ್ಟಣ: ಸುರಕ್ಷತೆ ಉತ್ತಮ, ರುಚಿ ಮಧ್ಯಮ. ಫ್ರಿಜ್ ಇಲ್ಲದೆ ಆರು ತಿಂಗಳು ಅಥವಾ ಹೆಚ್ಚು. ಒಡೆದ ಮೇಲೆ ಫ್ರಿಜ್ ಬೇಕು.
* ಕೆಎಂಎಸ್ ಅಥವಾ ಬೆಂಜೋಯೇಟ್ ಹಾಕಿದ ಸ್ಕ್ವಾಷ್: ಅಗ್ಗ. ಆರು ತಿಂಗಳಿಂದ ಒಂದು ವರ್ಷ. ಸಕ್ಕರೆ ಹೆಚ್ಚು, ಮಕ್ಕಳಿಗೆ ಮಿತವಾಗಿ.
* ಎಚ್‌ಪಿಪಿ: ರುಚಿ, ಸುರಕ್ಷತೆ ಎರಡೂ ಉತ್ತಮ. ಫ್ರಿಜ್ ಕಡ್ಡಾಯ. ಕೆಲವು ವಾರ. ದುಬಾರಿ.

ಯಾವ ವಿಧಾನವೂ ಸರಿಪಡಿಸಲಾಗದ ತಪ್ಪುಗಳು

ಕೊಳೆತ ಹಣ್ಣು ಬಳಸಿದರೆ ಮುಂದಿನ ಯಾವ ವಿಧಾನವೂ ಪೂರ್ತಿ ಉಪಯೋಗಕ್ಕೆ ಬಾರದು. ಬೂಷ್ಟು ಹಿಡಿದ ಸೇಬಿನಲ್ಲಿ ಪ್ಯಾಟುಲಿನ್ ಎಂಬ ವಿಷ ಇರುತ್ತದೆ. ಪಾಶ್ಚರೀಕರಣದಲ್ಲಿ ಬೂಷ್ಟು ಸತ್ತರೂ ವಿಷ ಉಳಿಯುತ್ತದೆ. ಸೇಬಿನ ರಸದಲ್ಲಿ ಇದು ಪ್ರತಿ ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದು ಎಂಬ ನಿಯಮವಿದೆ.

ನೀರಿನ ಮಾತು ಇನ್ನೂ ಮುಖ್ಯ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಪಲ್ಲಾವರಂ ಸುತ್ತಮುತ್ತ ಹಲವರು ವಾಂತಿ, ಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ವರದಿಯಾದವು. ನಲ್ಲಿ ನೀರಿಗೆ ಕೊಳಚೆ ಸೇರಿದೆ ಎಂದು ನಿವಾಸಿಗಳು ದೂರಿದರೆ, ತಮಿಳುನಾಡಿನ ಸಚಿವರು ಅದನ್ನು ಅಲ್ಲಗಳೆದರು. ನೀರಿನ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಲಾಯಿತು. ಆ ಪ್ರಕರಣಕ್ಕೂ ಜ್ಯೂಸ್ ಅಂಗಡಿಗೂ ಸಂಬಂಧವಿಲ್ಲ. ಆದರೆ ಯಾವುದೇ ಊರಿನಲ್ಲಿ ನೀರು ಕೆಟ್ಟರೆ, ಅದೇ ನೀರಿನಲ್ಲಿ ತೊಳೆದ ಹಣ್ಣು, ಲೋಟ, ಅದೇ ನೀರಿನ ಐಸ್ ಎಲ್ಲವೂ ಕೆಡುತ್ತವೆ. ನೀರು ಕುದಿಸಿ ಕುಡಿಯುವ ಮನೆಯವರೂ ಬೀದಿಯಲ್ಲಿ ಐಸ್ ಹಾಕಿದ ಜ್ಯೂಸ್ ಕುಡಿದರೆ ಆ ಎಚ್ಚರಿಕೆ ವ್ಯರ್ಥ.

ಮೀನು ಮೊದಲಾದವನ್ನು ತಂಪಾಗಿಡಲು ಮಾಡುವ, ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕು ಎಂದು 2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಸೂಚಿಸಿದ್ದು ಇದೇ ಕಾರಣಕ್ಕೆ. ಗೋಣಿಚೀಲದಲ್ಲಿ ಬರುವ ದೊಡ್ಡ ಐಸ್ ಗಡ್ಡೆಯನ್ನು ಒಡೆದು ಲೋಟಕ್ಕೆ ಹಾಕುವ ಅಂಗಡಿಯಲ್ಲಿ 'ಐಸ್ ಬೇಡ' ಎನ್ನುವುದು ಜಾಣತನ. ಕಣ್ಣೆದುರೇ ಹಣ್ಣು ತೊಳೆದು, ನೀರು ಸೇರಿಸದೆ ಹಿಂಡಿಸಿ, ಆಗಲೇ ಕುಡಿಯಬೇಕು. ಮೊದಲೇ ಹಿಂಡಿ ಜಗ್‌ನಲ್ಲಿ ಇಟ್ಟಿದ್ದನ್ನು, ಬೆಳಗ್ಗೆ ಹೆಚ್ಚಿಟ್ಟ ಕಲ್ಲಂಗಡಿಯಿಂದ ಮಾಡಿದ್ದನ್ನು ಮುಟ್ಟಬಾರದು. ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಹೊರಗಿನ ಕಚ್ಚಾ ರಸವನ್ನು ಬಿಡುವುದೇ ಒಳ್ಳೆಯದು.

ಲೇಬಲ್ ಓದುವುದು ಹೀಗೆ

* ಐಎನ್‌ಎಸ್ 211 ಎಂದರೆ ಸೋಡಿಯಂ ಬೆಂಜೋಯೇಟ್, 202 ಪೊಟ್ಯಾಸಿಯಂ ಸೋರ್ಬೇಟ್, 224 ಕೆಎಂಎಸ್. 330 ಸಿಟ್ರಿಕ್ ಆಮ್ಲ, 300 ವಿಟಮಿನ್ ಸಿ. ಕೊನೆಯ ಎರಡರ ಬಗ್ಗೆ ಚಿಂತೆ ಬೇಡ.
* 'ಫ್ರೂಟ್ ಡ್ರಿಂಕ್' ಎಂದಿದ್ದರೆ ಅದು ರಸವಲ್ಲ. ಭಾರತದ ನಿಯಮದಂತೆ ನೇರ ಕುಡಿಯುವ ಹಣ್ಣಿನ ಪಾನೀಯದಲ್ಲಿ ಶೇ. 10ರಷ್ಟು, ನಿಂಬೆಯಾದರೆ ಶೇ. 5ರಷ್ಟು ರಸ ಇದ್ದರೆ ಸಾಕು. ಸ್ಕ್ವಾಷ್‌ನಲ್ಲಿ ಕನಿಷ್ಠ ಶೇ. 25.
* ಸಾಂದ್ರೀಕರಿಸಿದ ರಸಕ್ಕೆ ನೀರು ಸೇರಿಸಿ ತಯಾರಿಸಿದ್ದನ್ನು 'ಶೇ. 100 ಹಣ್ಣಿನ ರಸ' ಎಂದು ಬರೆಯಬಾರದು ಎಂದು ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಆದೇಶಿಸಿದೆ.
* 'ತಂಪಾಗಿಡಿ' ಎಂದು ಬರೆದ ಬಾಟಲಿ ಹೊರಗಿನ ಕಪಾಟಿನಲ್ಲಿದ್ದರೆ ಕೊಳ್ಳಬೇಡಿ. ಪೊಟ್ಟಣ ಅಥವಾ ಬಾಟಲಿ ಉಬ್ಬಿದ್ದರೂ ಅಷ್ಟೇ.

ಮನೆಯಲ್ಲಿ ಮಾಡುವವರಿಗೆ, ಮಾರುವವರಿಗೆ

ಮನೆ ಬಳಕೆಗೆ ದ್ರಾಕ್ಷಿ, ಅನಾನಸ್, ಪುನರ್ಪುಳಿಯಂಥ ಹುಳಿ ಹಣ್ಣನ್ನೇ ಆರಿಸಿ. ಬಾಟಲಿ, ಮುಚ್ಚಳ ಕುದಿಸಿ. ರಸ 85 ಡಿಗ್ರಿ ತಲುಪಿದ ಮೇಲೆ ಬಿಸಿಯಾಗಿಯೇ ತುಂಬಿ ಮುಚ್ಚಿ. ನೂರಿನ್ನೂರು ರೂಪಾಯಿಗೆ ಸಿಗುವ ಅಡುಗೆ ಥರ್ಮಾಮೀಟರ್ ಇಲ್ಲಿ ಬಹಳ ಉಪಯೋಗಿ. ಮೋಸಂಬಿ, ಕಿತ್ತಳೆಯನ್ನು ಬೀಜ ಸಮೇತ ಅರೆಯಬೇಡಿ. ಅದರಲ್ಲಿರುವ ಲಿಮೋನಿನ್‌ನಿಂದ ಇಟ್ಟಷ್ಟೂ ರಸ ಕಹಿಯಾಗುತ್ತದೆ. ಕೆಎಂಎಸ್ ಹಾಕುವುದಾದರೆ ಒಂದು ಲೀಟರ್ ಸ್ಕ್ವಾಷ್‌ಗೆ ಸುಮಾರು 0.6 ಗ್ರಾಂ ಸಾಕು. ಇದು ಚಿಟಿಕೆಯಷ್ಟು. ಕಾಲು ಚಮಚ ಹಾಕಿದರೂ ಮಿತಿ ಮೀರುತ್ತದೆ, ಆದ್ದರಿಂದ ಚಮಚದ ಲೆಕ್ಕ ಬಿಟ್ಟು ಸಣ್ಣ ತಕ್ಕಡಿಯಲ್ಲೇ ತೂಗಬೇಕು. ಕಲ್ಲಂಗಡಿ, ಕಬ್ಬಿನ ಹಾಲು, ಕ್ಯಾರೆಟ್ ರಸವನ್ನು ಮನೆಯಲ್ಲಿ ಬಾಟಲಿ ಮಾಡಿ ಹೊರಗಿಡುವ ಸಾಹಸ ಬೇಡವೇ ಬೇಡ.

ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ ಮೈಸೂರು ಹತ್ತಿರದಲ್ಲೇ ಇದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಹಣ್ಣಿನ ಪಾನೀಯಗಳ ತಂತ್ರಜ್ಞಾನ ಮತ್ತು ತರಬೇತಿ ನೀಡುತ್ತದೆ. ಅದೇ ಊರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ತೆಂಗು ಅಭಿವೃದ್ಧಿ ಮಂಡಳಿಯ ಜತೆ ಸೇರಿ ಎಳನೀರನ್ನು ಪೊಟ್ಟಣದಲ್ಲಿ ಕೆಡದಂತೆ ಇಡುವ ತಂತ್ರಜ್ಞಾನ ರೂಪಿಸಿದೆ. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ (ಪಿಎಂಎಫ್‌ಎಂಇ) ಅಡಿ ಸಾಲದ ಜತೆ ಶೇ. 35ರ ಸಹಾಯಧನ ಇದ್ದು, ಕರ್ನಾಟಕ ಸರ್ಕಾರ ಅದಕ್ಕೆ ಶೇ. 15 ಸೇರಿಸಿದೆ. ಮಾರಾಟಕ್ಕೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ.

ಒಟ್ಟಾರೆ ಹೇಳುವುದಾದರೆ, ಎಲ್ಲ ಹಣ್ಣಿಗೂ ಒಪ್ಪುವ ಒಂದೇ ಶ್ರೇಷ್ಠ ವಿಧಾನ ಎಂಬುದಿಲ್ಲ. ರಸ ಹುಳಿಯೋ ಅಲ್ಲವೋ, ರೋಗಾಣು ಸಾಯುವಂಥ ಒಂದು ಹಂತವನ್ನು ಅದು ದಾಟಿ ಬಂದಿದೆಯೋ ಇಲ್ಲವೋ, ಆಮೇಲೆ ತಂಪಾಗಿ ಉಳಿದಿದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಮೂರಕ್ಕೂ ಉತ್ತರ ಸಿಗದ ಲೋಟವನ್ನು, ಬಿಸಿಲು ಎಷ್ಟೇ ಇರಲಿ, ಮಗುವಿನ ಕೈಗೆ ಕೊಡಬೇಡಿ.